ಐದು ಗಂಟೆಯೊಳಗೆ ಎರಡು ಬುಷ್

ಹೈದರಾಬಾದಿನ ಚಂಪಾಪೇಟಿನ ಆ ಗಲ್ಲಿಗೆ ಶೈಲಶ್ರೀಯ ಕಾರು ಬಂತೆಂದು ತಿಳಿಯಲು ಯಾರೂ ಕಿಟಕಿಗೆ ಬರಬೇಕಾಗಿರಲಿಲ್ಲ. ಮೂಲೆಯ ಸ್ಪೀಡ್ ಬ್ರೇಕರ್ ಹತ್ತುವಾಗ ಮುಂದಿನ ಗಾಲಿಗಳ ಹತ್ತಿರ ಒಂದು 'ಕಟಕ್', ಇಳಿಯುವಾಗ ಎರಡು 'ಕಟಕ್ ಕಟಕ್'. ಆ ಸಪ್ಪಳ ಕೇಳಿ ಎದುರು ಮನೆಯವರು ಅಡ್ಡ ನಿಲ್ಲಿಸಿದ ಸ್ಕೂಟರ್ ಸರಿಸುತ್ತಿದ್ದರು, ಕಿರಾಣಿ ಅಂಗಡಿಯವನು ಅವಳ ಹಾಲಿನ ಪ್ಯಾಕೆಟ್ ತೆಗೆದಿಡುತ್ತಿದ್ದ, ಮನೆಯೊಳಗೆ ಗಂಡ ಮಹೇಶಕುಮಾರ ಹಣೆ ಚಚ್ಚಿಕೊಳ್ಳುತ್ತಿದ್ದ. ಇಪ್ಪತ್ತೊಂದು ವರ್ಷ ಹಳೆಯ ಬಿಳಿ ಮಾರುತಿ ಅದು. ಬಣ್ಣ ಅಲ್ಲಲ್ಲಿ ಹೋಗಿತ್ತು, ಎಂಜಿನ್ ಮಾತ್ರ ಗಟ್ಟಿಮುಟ್ಟಾಗಿತ್ತು.

"ಹಾರ್ನ್ ಹಾಕೂ ಕೆಲಸ ಉಳೀತಲ್ರಿ," ಎನ್ನುತ್ತಿದ್ದಳು ಶೈಲಶ್ರೀ.

"ಮಂದಿ ನಗಾಕತ್ತಾರ," ಎನ್ನುತ್ತಿದ್ದ ಮಹೇಶಕುಮಾರ.

ಅವನದು ಕೋಠಿಯಲ್ಲಿ ಸೀರೆ ಅಂಗಡಿ. ರಾಯಚೂರಿನಿಂದ ಬಂದ ಅವನ ತಂದೆ ಇಟ್ಟದ್ದು. ಓಡಾಡಲು ಅವನಿಗೆ ಗೇರ್ ಹಾಕುವ ತಾಪತ್ರಯವೇ ಇಲ್ಲದ ಹೊಸ ಕಾರು ಇತ್ತು. ಮನೆಯ ಮುಂದೆ ಆ ಹೊಸ ಕಾರಿನ ಪಕ್ಕ ಹೆಂಡತಿಯ ಹಳೆಯ ಕಾರು ನಿಂತಾಗಲೆಲ್ಲ ಅವನಿಗೆ ತನ್ನ ಮಾನ ಬೀದಿಯಲ್ಲಿ ನಿಂತಂತೆ ಅನಿಸುತ್ತಿತ್ತು. ಕೊನೆಗೊಂದು ದಿನ ಶಂಶಾಬಾದಿನಲ್ಲಿ ಹಳೆಯ ಗಾಡಿಗಳನ್ನು ಕೊಳ್ಳುವ ಉಪೇಂದ್ರ ಎಂಬುವನಿಗೆ ಫೋನು ಮಾಡಿ, ಭಾನುವಾರ ಸಂಜೆ ಐದಕ್ಕೆ ಬಂದು ಈ ಡಬ್ಬಿಯನ್ನು ಒಯ್ಯಿ ಎಂದು ಹೇಳಿಯೇಬಿಟ್ಟ. ಹೇಳಿದ ಮೇಲೆ ಹೆಂಡತಿಗೆ ತಿಳಿಸಿದ. ಅವನು ಕೆಲಸ ಮಾಡುವ ಕ್ರಮವೇ ಅದು.

ಆ ಕಾರು ಹೋದರೆ ಶೈಲಶ್ರೀಗೆ ಹೋಗುವುದು ನಾಲ್ಕು ಗಾಲಿ ಮತ್ತು ಒಂದು ಸ್ಟಿಯರಿಂಗ್ ಅಷ್ಟೇ ಆಗಿರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೊದಲ ಇಪ್ಪತ್ತು ವರ್ಷ ಅವಳು ಎಲ್ಲಿಗೆ ಹೋಗಬೇಕಾದರೂ ಕೇಳಿಯೇ ಹೋದವಳು. ಕೇಳಿದರೆ ಬೇಡ ಎನ್ನುವವರು ಯಾರೂ ಇರಲಿಲ್ಲ, ನಿಜ. ಆದರೆ "ನೋಡೋಣು", "ಆಯ್ತಾರ ಹೋಗೋಣು", "ನಾ ಅಂಗಡಿಯಿಂದ ಬಂದಮ್ಯಾಲ" ಎನ್ನುವವರು ಬೇಕಾದಷ್ಟಿದ್ದರು. ನಲವತ್ತೇಳನೆಯ ವಯಸ್ಸಿನಲ್ಲಿ ಅವಳು ಯಾರಿಗೂ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿದಳು, ಲೈಸೆನ್ಸ್ ತಂದು ದೇವರ ಮುಂದೆ ಇಟ್ಟಳು, ಆಮೇಲೆ ಮನೆಯಲ್ಲಿ ಹೇಳಿದಳು. ಕ್ರಮವನ್ನು ಗಂಡನಿಂದಲೇ ಕಲಿತಿದ್ದಳು. ಆವತ್ತಿನಿಂದ ಹನ್ನೆರಡು ವರ್ಷ, ಪ್ರತಿ ಸೋಮವಾರ, ಅಮೀರ್‌ಪೇಟಿನ ಅನ್ನಮ್ಮನವರ ಮನೆಯಲ್ಲಿ ಸೇರುವ ಅಕ್ಕನ ಬಳಗಕ್ಕೆ ವಚನ ಹಾಡಲು ಈ ಕಾರಿನಲ್ಲೇ ಹೋಗುತ್ತಾಳೆ. ದಾರಿಯಲ್ಲಿ ಮೂವರು ಗೆಳತಿಯರನ್ನು ಹತ್ತಿಸಿಕೊಳ್ಳುತ್ತಾಳೆ. ಬೇಕೆನಿಸಿದಾಗ ಚಾವಿ ತಗೊಂಡು ಹೊರಟುಬಿಡುವ ಸುಖ ಅವಳಿಗೆ ಈ ಲೋಕದಲ್ಲಿ ಸಿಕ್ಕಿದ್ದು ಆ ಬಿಳಿ ಡಬ್ಬಿಯಲ್ಲಿ. ಹೊಸ ಕಾರಿನ ಚಾವಿ ಮಹೇಶಕುಮಾರನ ಸೊಂಟದಲ್ಲೇ ಇರುತ್ತಿತ್ತು.

ಜಗಳ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮಹೇಶಕುಮಾರನ ತಾಯಿ ಸುಂದರಾಬಾಯಿ ಪಂಚಾಯ್ತಿ ಮಾಡಿದರು. ಎಂಬತ್ತೊಂದು ವರ್ಷದ ಮುದುಕಿ. ಕಣ್ಣು ಮಂದ, ಕಿವಿ ಮಾತ್ರ ಭಯಂಕರ. ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿ ಒಳಗಿರುವುದು ಬೇಳೆಯೋ ಅನ್ನವೋ ಹೇಳುತ್ತಿದ್ದರು.

"ಸಪ್ಪಳಕ್ಕಲ್ಲೇನು ನಿನ್ನ ತಕರಾರು? ನಮ್ಮ ಗಲ್ಲಿಯಿಂದ ದೊಡ್ಡ ರಸ್ತೆ ಮಟ ಐದು ಉಬ್ಬು ಅದಾವ. ಆಯ್ತಾರ ಐದಕ್ಕ ನಾನು ಗಾಡ್ಯಾಗ ಕುಂದರ್ತೀನಿ. ಐದೂ ಉಬ್ಬಿನ ಮ್ಯಾಲ ಸಪ್ಪಳ ಬರಲಿಲ್ಲಂದ್ರ ಗಾಡಿ ಮನ್ಯಾಗ. ಒಂದ ಸಲ ಬಂತಂದ್ರೂ ಹೋಗಲಿ," ಎಂದರು.

"ಮೇಸ್ತ್ರಿ ಬರೂದು ಮುಂದಿನ ವಾರ, ಅವ್ವಾ. ಮದಿವಿಗೆ ಹೋಗ್ಯಾನ," ಎಂದ ಮಹೇಶಕುಮಾರ, ಗೆದ್ದವನ ಧ್ವನಿಯಲ್ಲಿ.

"ಮೇಸ್ತ್ರಿ ಯಾಕ್ರಿ? ನಾನಿಲ್ಲೇನು?" ಎಂದಳು ಶೈಲಶ್ರೀ. ಹೇಳಿದ ಮೇಲೆ ಅವಳಿಗೇ ಸ್ವಲ್ಪ ಗಾಬರಿಯಾಯಿತು.

ಅವಳ ವಿಷಯ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಲಿಂಗಸುಗೂರಿನ ಹುಡುಗಿ, ಡಿಪ್ಲೊಮಾ ಓದಿದವಳು. ಹೈದರಾಬಾದಿನ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ತಪಾಸಕಿಯಾಗಿದ್ದಳು. ಉಳಿದವರು ಮಾಡಿದ ಕೆಲಸ ಸರಿಯಿದೆಯೋ ಇಲ್ಲವೋ ನೋಡಿ, ಸರಿಯಿದ್ದರೆ ಬಿಗಿ ಮಾಡಿದ ಬೋಲ್ಟಿನ ತಲೆಯ ಮೇಲೆ ಬಣ್ಣದ ಒಂದು ಗೆರೆ ಎಳೆಯುವುದು, ತಪ್ಪಿದ್ದರೆ ಪುಸ್ತಕದಲ್ಲಿ ಬರೆದು ವಾಪಸು ಕಳಿಸುವುದು ಅವಳ ಕೆಲಸ. ಆ ಬಣ್ಣದ ಗೆರೆಗೆ ಸೀಲು ಎನ್ನುತ್ತಿದ್ದರು. ಸೀಲು ಹಾಕಿದ ಬೋಲ್ಟನ್ನು ಹಾಕಿದವಳೇ ಒಡೆಯುವ ಹಾಗಿಲ್ಲ. ಕಾರಣ ಬರೆಯಬೇಕು, ಇನ್ನೊಬ್ಬರ ಸಹಿ ಬೀಳಬೇಕು. ನಿವೃತ್ತಿಯ ದಿನ ಸಹೋದ್ಯೋಗಿಗಳು ಬೆಳ್ಳಿ ತಟ್ಟೆ ಕೊಡೋಣವೇ ಎಂದು ಕೇಳಿದರೆ, ಬೆಂಚ್ ವೈಸ್ ಕೊಡಿ ಎಂದವಳು ಅವಳು. ಕಬ್ಬಿಣವನ್ನು ಎರಡು ದವಡೆಯ ನಡುವೆ ಹಿಡಿಯುವ ಆ ದೊಡ್ಡ ಯಂತ್ರ ಈಗಲೂ ಮನೆಯ ಮುಂದಿನ ಕಟ್ಟೆಯ ಮೇಲೆ, ತುಳಸಿಯ ಪಕ್ಕ ಇದೆ. ಮನೆಗೂ ಒಂದು ತಪಾಸಣೆ ಪುಸ್ತಕ ಇಟ್ಟಿದ್ದಳು. ಉಪ್ಪಿನಕಾಯಿಯ ಭರಣಿಗಳಿಗೆ ನಂಬರು, ಗ್ಯಾಸ್ ಸಿಲಿಂಡರಿಗೆ ತಾರೀಕು, ಗಂಡ ತಂದ ಬದನೆಕಾಯಿಗೆ 'ರಿಜೆಕ್ಟ್'. ಈ ಪುಸ್ತಕದಲ್ಲಿ ಮಹೇಶಕುಮಾರನ ತಪ್ಪುಗಳೇ ಹನ್ನೊಂದು ಪುಟವಿದ್ದವು. ಅವಳದು ಒಂದೂ ಇರಲಿಲ್ಲ. ಬರೆಯುವವಳು ಅವಳೇ ಆದ್ದರಿಂದ ಇರಬಹುದು ಎಂದು ಅವನು ಹೇಳುತ್ತಿದ್ದ.

ಸಪ್ಪಳದ ಮೂಲ ಅವಳಿಗೆ ಗೊತ್ತಿತ್ತು. ಮುಂದಿನ ಗಾಲಿಯನ್ನು ಗಾಡಿಯ ಹೊಟ್ಟೆಗೆ ಜೋಡಿಸುವ ಒಂದು ಕಬ್ಬಿಣದ ತೋಳು ಇರುತ್ತದೆ, ಎಡಕ್ಕೊಂದು ಬಲಕ್ಕೊಂದು. ಆ ತೋಳಿನ ಭುಜದಲ್ಲಿ ಒಂದು ರಬ್ಬರಿನ ಬುಷ್ ಕೂತಿರುತ್ತದೆ. ನಡುವೆ ಉಕ್ಕಿನ ಕೊಳವೆ, ಸುತ್ತ ರಬ್ಬರು. ಗಾಲಿ ಏರಿ ಇಳಿದಾಗ ಪೆಟ್ಟನ್ನೆಲ್ಲ ತಿನ್ನುವುದು ಅದೇ. ಇಪ್ಪತ್ತೊಂದು ವರ್ಷ ಹೈದರಾಬಾದಿನ ರಸ್ತೆಯ ಪೆಟ್ಟು ತಿಂದರೆ ಯಾವ ರಬ್ಬರು ತಾನೇ ಉಳಿದೀತು?

ಶನಿವಾರ ಕೋಠಿಗೆ ಹೋಗಿ ಬಿಡಿಭಾಗದ ಅಂಗಡಿಯೊಂದರಲ್ಲಿ ಬುಷ್ ಕೇಳಿದಳು. ಅಂಗಡಿಯ ಸಾಹೇಬರು ಅವಳ ಇಳಕಲ್ ಸೀರೆ, ಕೈಚೀಲ, ವಿಭೂತಿ ನೋಡಿ, ಮೇಸ್ತ್ರಿಯನ್ನು ಕಳಿಸಬಾರದೇ ಎಂಬ ಕರುಣೆಯಿಂದ, "ಮೇಸ್ತ್ರಿ ಕು ಭೇಜೋ ಅಮ್ಮಾ, ಆಪ್ಕು ಕೈಕು ತಕ್ಲೀಫ್?" ಎಂದರು. "ಮೇಸ್ತ್ರಿ ಮೈಂಚ್ ಹೂಂ," ಮೇಸ್ತ್ರಿ ನಾನೇ, ಎಂದು ಶೈಲಶ್ರೀ ಕೈಚೀಲದಿಂದ ಅಳತೆಯ ವರ್ನಿಯರ್ ತೆಗೆದಳು. ಐದು ಬುಷ್ ಅಳೆದಳು, ಮೂರನ್ನು ವಾಪಸು ಸರಿಸಿದಳು, ಸರಿಜೋಡಿ ಎರಡನ್ನು ಇಟ್ಟುಕೊಂಡಳು. ಸಾಹೇಬರು ಎದ್ದು ನಿಂತು ಚಹಾ ತರಿಸಿದರು. ಆ ಚಹಾ ಕುಡಿಯುವಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ನಾಳೆ ಗೆದ್ದೇಬಿಟ್ಟೆ ಎಂದುಕೊಂಡಳು.

ಭಾನುವಾರ ಬೆಳಗ್ಗೆ ಏಳಕ್ಕೆ ಹಳೆಯ ಸಲ್ವಾರ್ ಕಮೀಜಿನ ಮೇಲೆ ಕಾರ್ಖಾನೆಯ ನೀಲಿ ಕೋಟು ತೊಟ್ಟು ಅಂಗಳಕ್ಕಿಳಿದಳು. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟಳು. ಜಾಕ್ ಹಾಕಿ ಮುಂಭಾಗ ಎತ್ತಿದಳು, ಎತ್ತಿದ ಮೇಲೆ ಎರಡು ಉಕ್ಕಿನ ಸ್ಟ್ಯಾಂಡ್ ಕೊಟ್ಟಳು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕುವವಳಲ್ಲ ಅವಳು. ಸುಂದರಾಬಾಯಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತ ಕೂತರು. ಮಹೇಶಕುಮಾರ ಮಹಡಿಯ ಕಟಕಟೆಗೆ ಒರಗಿ ಚಹಾ ಹೀರುತ್ತ ಮೇಲಿನಿಂದ ಸಮಯ ಹೇಳತೊಡಗಿದ.

"ಎಂಟಾತು. ಇನ್ನ ಒಂಬತ್ತು ತಾಸು!"

ಎಡಗಡೆಯ ತೋಳು ಮರ್ಯಾದೆಯಿಂದ ಬಿಚ್ಚಿಕೊಂಡಿತು. ಬಲಗಡೆಯದಕ್ಕೆ ಹಟ. ತುಕ್ಕು ಹಿಡಿದ ಬೋಲ್ಟು ಅಲ್ಲಾಡಲೇ ಇಲ್ಲ. ಎಣ್ಣೆ ಬಿಟ್ಟಳು, ಕಾದಳು, ಒತ್ತಿದಳು, ಬೈದಳು. ಕೊನೆಗೆ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಕಬ್ಬಿಣದ ಪೈಪನ್ನು ಕಿತ್ತು ತಂದು ಬೋಲ್ಟು ತಿರುಗಿಸುವ ಪಾನಾದ ಬಾಲಕ್ಕೆ ಸೇರಿಸಿ, ಪೈಪಿನ ತುದಿಯ ಮೇಲೆ ಕಾಲಿಟ್ಟು ತುಳಿದಳು. 'ಕಿರ್ರ್' ಎಂದು ಬೋಲ್ಟು ತಿರುಗಿತು. ಪೈಪು ಹೋದದ್ದರಿಂದ ಅದರ ಮೇಲಿದ್ದ ಮಹೇಶಕುಮಾರನ ನಾಲ್ಕು ಬಿಳಿ ಜುಬ್ಬಾಗಳು ನೆಲದ ಮೇಲೆ ಮಲಗಿದ್ದವು. ಅದು ಅವನಿಗೆ ತಿಳಿದದ್ದು ಮಧ್ಯಾಹ್ನ.

ಹಳೆಯ ಬುಷ್ ಹೊರಬರುವುದು ಇನ್ನೊಂದು ಪ್ರಸಂಗ. ತೋಳನ್ನು ವೈಸಿನಲ್ಲಿ ಇಟ್ಟು ಒಂದು ಕಡೆಯಿಂದ ಒತ್ತಿದರೆ ಇನ್ನೊಂದು ಕಡೆ ಅದು ಹೋಗಿ ಬೀಳಲು ಒಂದು ಗಟ್ಟಿ ಬಟ್ಟಲು ಬೇಕು. ಸರಿಯಾದ ಅಳತೆಯದು ಯಾವುದೂ ಇರಲಿಲ್ಲ. ಶೈಲಶ್ರೀಯ ಕಣ್ಣು ಅತ್ತೆಯ ಕುಟ್ಟಾಣಿಯ ಮೇಲೆ ಬಿತ್ತು.

"ಅತ್ತೀ, ಐದ ನಿಮಿಷ ಕೊಡ್ರಿ."

"ನಮ್ಮವ್ವನ ತವರು ಮನಿದು ಅದು!" ಎಂದರು ಸುಂದರಾಬಾಯಿ. ಎನ್ನುತ್ತಲೇ ಅಡಿಕೆ ಬಾಯಿಗೆ ಹಾಕಿಕೊಂಡು ಕುಟ್ಟಾಣಿ ಕೊಟ್ಟರು. ನಿರ್ಣಾಯಕಿಯಾಗಿ ಅವರು ಹೀಗೆ ಒಂದು ಪಕ್ಷ ವಹಿಸಬಾರದಿತ್ತು.

ಶೈಲಶ್ರೀ ವೈಸಿನ ಹಿಡಿಕೆ ತಿರುಗಿಸಿದಳು. ತಿರುಗಿಸಿದಳು, ಇನ್ನೂ ತಿರುಗಿಸಿದಳು. ಏನೂ ಆಗಲಿಲ್ಲ. ಹಿಡಿಕೆಗೆ ಜೋತುಬಿದ್ದಳು. ಆಗ 'ಡಬ್' ಎಂದು ಎಂಥ ಸದ್ದಾಯಿತೆಂದರೆ ತುಳಸಿಯ ಮೇಲಿನ ಗುಬ್ಬಿ ಹಾರಿಹೋಯಿತು, ಮಹಡಿಯಲ್ಲಿ ಮಹೇಶಕುಮಾರನ ಚಹಾ ಚೆಲ್ಲಿತು, ಇಪ್ಪತ್ತೊಂದು ವರ್ಷದ ಬುಷ್ ಕುಟ್ಟಾಣಿಯ ತಳದಲ್ಲಿ ಬಿದ್ದಿತ್ತು. ತೆಗೆದು ನೋಡಿದರೆ ಹಿಂಡಿದ ನಿಂಬೆಹೋಳಿನಂತೆ ಸೀಳಿತ್ತು. ಅತ್ತೆ ಸೊಸೆ ಇಬ್ಬರೂ ಕಾರಣವಿಲ್ಲದೆ ಚಪ್ಪಾಳೆ ತಟ್ಟಿದರು.

ಹೊಸದಕ್ಕೆ ಸಾಬೂನು ನೀರು ಸವರಿ ಒಳಗೆ ಒತ್ತಿದಳು. ಜಾರಿ ಹೋಗಿ ಕೂತುಬಿಟ್ಟಿತು. ಎರಡನೆಯದೂ ಹಾಗೆಯೇ. ಊಟ ನಿಂತುಕೊಂಡೇ ಆಯಿತು. ಎರಡೂವರೆಗೆ ತೋಳುಗಳೆರಡೂ ತಮ್ಮ ಜಾಗದಲ್ಲಿದ್ದವು. ಸ್ಟ್ಯಾಂಡುಗಳ ಮೇಲಿದ್ದ ಗಾಡಿಯ ಕೆಳಗೆ ಮಲಗಿ ಬೋಲ್ಟುಗಳನ್ನು, ಬಿಗಿ ಸಾಕಾದಾಗ 'ಟಿಕ್' ಎನ್ನುವ ಅಳತೆಯ ಪಾನಾದಿಂದ ಕಟ್ಟುನಿಟ್ಟಾಗಿ ಬಿಗಿ ಮಾಡಿದಳು. ಸೀಲಿಗೆ ಕಾರ್ಖಾನೆಯ ಬಣ್ಣ ಇರಲಿಲ್ಲ. ಯಾರದೋ ಮದುವೆಯಲ್ಲಿ ಕೊಟ್ಟಿದ್ದ, ಉಗುರಿಗೆ ಎಂದೂ ತಾಗದ ಕೆಂಪು ಉಗುರುಬಣ್ಣ ಇತ್ತು. ಪ್ರತಿ ಬೋಲ್ಟಿಗೂ ಒಂದೊಂದು ಗೆರೆ ಎಳೆದು, ಪುಸ್ತಕದಲ್ಲಿ ಬರೆದು ಸಹಿ ಹಾಕಿದಳು. ಮೂರು ಗಂಟೆಗೆ ಗಾಡಿಯನ್ನು ಇಳಿಸಿದಳು. ಸಂತೋಷದಲ್ಲಿ ಅವಳ ಬಾಯಿಂದ ವಚನದ ಒಂದು ಸಾಲು ತಾನಾಗಿಯೇ ಹೊರಟಿತ್ತು.

ಗಾಡಿ ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಮೂತಿ ಎರಡು ಬೆರಳು ಮೇಲೆಯೇ ನಿಂತಿತು. ಶೈಲಶ್ರೀ ಬಾನೆಟ್ ಹಿಡಿದು ಒತ್ತಿ ಬಿಟ್ಟಳು.

'ಕುಂಯ್.'

ಇನ್ನೊಮ್ಮೆ ಒತ್ತಿದಳು. 'ಕುಂಯ್ ಕುಂಯ್.'

"ಕಟಕ್ ಹೋತು, ಕುಂಯ್ ಬಂತು," ಎಂದರು ಸುಂದರಾಬಾಯಿ ಬಾಗಿಲಿಂದ.

"ಸಪ್ಪಳ ಅಂದ್ರ ಸಪ್ಪಳ!" ಎಂದಿತು ಮಹಡಿ.

ವಚನ ನಿಂತಿತು. ಅವಳು ಕೈ ಒರೆಸಿಕೊಂಡು ಬೂದೆಪ್ಪನಿಗೆ ಫೋನು ಮಾಡಿದಳು. ಅದೇ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು. ಇಪ್ಪತ್ತೆಂಟು ವರ್ಷ ಅವಳಿಂದ ತಪ್ಪು ಬರೆಸಿಕೊಂಡವನು. ಈಗ ಶಂಶಾಬಾದಿನಲ್ಲಿದ್ದು, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳು ಸಾಗುವ ಬೆಲ್ಟುಗಳನ್ನು ನೋಡಿಕೊಳ್ಳುತ್ತಿದ್ದ. ಫೋನಿನ ತುಂಬ ಬೆಲ್ಟಿನ ಗಡಗಡ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ.

"ಮೇಡಂ, ಗಾಲಿ ಜೋತಾಡೂವಾಗ ಬೋಲ್ಟ್ ಬಿಗಿ ಮಾಡಿದ್ರೇನ್ರಿ?"

"ಹೌದು. ಯಾಕ?"

"ತಪ್ಪಾತಲ್ರಿ," ಎಂದ ಬೂದೆಪ್ಪ. ಅವನ ಧ್ವನಿ ಖುಷಿಯಿಂದ ನಡುಗುತ್ತಿತ್ತು. "ಬಿಗಿ ಮಾಡಿದಾಗ ಹೆಂಗಿತ್ತೋ ಹಂಗ ಹಿಡ್ಕೊಂಡ್ ಬಿಡ್ತೈತ್ರಿ ಆ ರಬ್ಬರ್. ಗಾಡಿ ಕೆಳಗ ಬಂದ್ರ ತಿರಚಿಕೊಂಡು ಒದ್ದಾಡ್ತೈತಿ. ಅದಕ್ಕ ಕುಂಯ್ ಅನ್ನೂದು. ಹಂಗ ಬಿಟ್ರ ಎರಡ ತಿಂಗಳಿಗೆ ಹರಿದ ಹೋಗ್ತಾವ. ಬೋಲ್ಟ್ ಸಡ್ಲ ಮಾಡ್ರಿ. ಗಾಲಿ ಕೆಳಗ ಊರ್ರಿ. ಒಳಗ ಮಂದಿನ ಕುಂದ್ರಸ್ರಿ. ಭಾರ ಬಿದ್ದ ಮ್ಯಾಲ ಬಿಗಿ ಮಾಡ್ರಿ."

ಶೈಲಶ್ರೀ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಕಾರ್ಖಾನೆಯಲ್ಲಿ ಬಿಗಿಯಾಗದ ಬೋಲ್ಟು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಂತೆಯೇ ಇರಲಿಲ್ಲ. ಕೂಡಿಸಿದ ಕಡೆಯೇ ಬಿಗಿ ಮಾಡು, ಕೂಡಲೇ ಸೀಲು ಹಾಕು. ಮೂವತ್ತೊಂದು ವರ್ಷ ಆ ನಿಯಮವನ್ನು ಉಸಿರಾಡಿದವಳು ಇವತ್ತು ಅದೇ ನಿಯಮದಿಂದ ಕೆಟ್ಟಿದ್ದಳು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಸಡಿಲ ಮಾಡಿ ಮತ್ತೆ ಬಿಗಿ ಮಾಡಲು ಒಂದು ಗಂಟೆ ಸಾಕು. ಆದರೆ ಸೀಲು?

ಉಗುರುಬಣ್ಣ ತಾನೇ, ಒಡೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಕ್ಷಣ ಅನಿಸಿತು. ಪಾನಾ ತಗೊಂಡು ಗಾಡಿಯ ಕೆಳಗೆ ಬಗ್ಗಿದಳು ಕೂಡ. ಕೆಂಪು ಗೆರೆ ಕಂಡಿತು. ಕೈ ಏಳಲಿಲ್ಲ. ತನ್ನ ಸೀಲು ತಾನೇ ಕದ್ದು ಒಡೆದು ಗೆದ್ದ ಗಾಡಿಯಲ್ಲಿ ಕೂತು ನಾಳೆ ವಚನ ಹಾಡಲು ಹೋಗುವುದು ಹೇಗೆ? ಎರಡನೆಯ ಸಹಿ ಬೇಕು. ಅತ್ತೆ ನಿರ್ಣಾಯಕಿ, ಅವರ ಸಹಿ ನಡೆಯುವುದಿಲ್ಲ. ಉಳಿದವನು ಒಬ್ಬನೇ.

"ರೀ, ಸ್ವಲ್ಪ ಕೆಳಗ ಬರ್ರಿ," ಎಂದು ಕರೆದಳು.

ಮಹೇಶಕುಮಾರ ಬಂದ. ವಿಷಯ ಕೇಳಿದ. ಅವನ ಮುಖ ನಿಧಾನವಾಗಿ ಅರಳಿದ್ದನ್ನು ನೋಡಬೇಕಿತ್ತು.

"ಅಂದ್ರ ನಾ ಸಹಿ ಹಾಕಿದ್ರ ನೀ ಗೆಲ್ತಿ. ಹಾಕಲಿಲ್ಲಂದ್ರ ಗಾಡಿ ಹೋಗ್ತೈತಿ."

"ಹೌದ್ರಿ."

"ನಾ ಯಾಕ ಹಾಕ್ಲಿ?"

ಶೈಲಶ್ರೀ ಪುಸ್ತಕ ತೆರೆದು 'ಸೀಲು ಒಡೆಯಲು ಕಾರಣ' ಎಂಬ ಕಡೆ ಬರೆಯತೊಡಗಿದಳು. ಸಹಿ ಬೀಳಲಿ ಬಿಡಲಿ, ಬರೆಯುವುದು ಬರೆಯಲೇಬೇಕಲ್ಲ. ಮಹೇಶಕುಮಾರ ಭುಜದ ಮೇಲಿನಿಂದ ಬಗ್ಗಿ ನೋಡಿದ. ಅವಳ ದುಂಡು ಅಕ್ಷರದಲ್ಲಿ ಎರಡೇ ಪದ: ತಪಾಸಕಿಯ ತಪ್ಪು.

ಅವನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದ.

"ಅವ್ವಾ!" ಎಂದು ಕೂಗಿದ. "ಇಲ್ನೋಡು, ಏನ್ ಬರದಾಳ! ತಪಾಸಕಿಯ ತಪ್ಪು! ಮೂವತ್ತಮೂರು ವರ್ಷ ಆತು ಲಗ್ನ ಆಗಿ, ಈ ಮಾತು ನಾ ಮೊದಲನೇ ಸಲ ನೋಡಾಕತ್ತೀನಿ!"

"ದೊಡ್ಡದಾಗಿ ಓದಪಾ, ನನಗ ಕಣ್ಣು ಕಾಣಂಗಿಲ್ಲ," ಎಂದರು ಸುಂದರಾಬಾಯಿ.

ಅವನು ದೊಡ್ಡದಾಗಿ ಓದಿದ. ಎದುರು ಮನೆಯವರಿಗೂ ಕೇಳಲಿ ಎಂದು ಗೇಟಿನ ಹತ್ತಿರ ಹೋಗಿ ಓದಿದ. ಫೋನು ತೆಗೆದು ಪುಟದ ಫೋಟೊ ಹೊಡೆದ. ಬದನೆಕಾಯಿ, ಬಲ್ಬು, ತಡವಾಗಿ ಬಂದ ದಿನಗಳು, ಹನ್ನೊಂದು ಪುಟದ ಅವಮಾನವೆಲ್ಲ ಆ ಎರಡು ಪದದಲ್ಲಿ ತೊಳೆದುಹೋಯಿತು. ಆ ಉಲ್ಲಾಸದಲ್ಲಿ ಅವನು ಶೈಲಶ್ರೀಯ ಕೈಯಿಂದ ಪೆನ್ನು ಕಸಿದುಕೊಂಡು, ಅಂಗಡಿಯ ಉದ್ಘಾಟನೆಗೆ ಹಾಕುವಂಥ ಉದ್ದನೆಯ ಸಹಿ ಹಾಕಿ, ಕೆಳಗೆ ತಾರೀಕು ಬರೆದು, ವೇಳೆಯನ್ನೂ ಬರೆದ. ಹಾಕಿದ ಮೇಲೆ ತಾನೇನು ಮಾಡಿದೆ ಎಂದು ಅವನಿಗೆ ಹೊಳೆಯಿತು.

"ಏ, ತಡಿ, ತಡಿ—"

ಶೈಲಶ್ರೀ ಆಗಲೇ ಗಾಡಿಯ ಕೆಳಗಿದ್ದಳು. ಅವಳ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು, ಆ ಪಾದಗಳು ಕುಣಿಯುತ್ತಿದ್ದವು.

ಮುಂದಿನದು ಗಡಿಬಿಡಿಯ ಜಾತ್ರೆ. ನೆಲದ ಮೇಲೆ ನಿಂತ ಗಾಡಿಯ ಕೆಳಗೆ ಪಾನಾ ಆಡಿಸಲು ಜಾಗವಿಲ್ಲ. ಮುಂದಿನ ಗಾಲಿಗಳ ಕೆಳಗೆ ಗಟ್ಟಿ ಹಲಗೆ ಬೇಕು. ಊಟಕ್ಕೆ ಕೂರುವ ಸಾಗುವಾನಿ ಮಣೆಗಳು ಅಟ್ಟದಿಂದ ಇಳಿದವು, ಗಾಲಿಗೆ ಎರಡರಂತೆ ನಾಲ್ಕು. ಗಾಡಿಯನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸೀಲು ಒಡೆದು ಬೋಲ್ಟುಗಳನ್ನು ಸಡಿಲಿಸಿ, ಮಣೆಗಳ ಮೇಲೆ ಇಳಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು, ಸ್ಟ್ಯಾಂಡುಗಳನ್ನು ಕಾವಲಿಗೆ ಬದಿಯಲ್ಲೇ ಇಟ್ಟಳು. ಇನ್ನು ಭಾರ. ತಪಾಸಕಿಯ ಲೆಕ್ಕದಲ್ಲಿ ಎಡಕ್ಕೂ ಬಲಕ್ಕೂ ಸಮ ಇರಬೇಕು. ಬಚ್ಚಲುಮನೆಯ ಹತ್ತಿರ ಇದ್ದ ತೂಕದ ಯಂತ್ರ ಅಂಗಳಕ್ಕೆ ಬಂತು. ಮಹೇಶಕುಮಾರ ತೊಂಬತ್ತೆರಡು ಕಿಲೊ.

"ತೊಂಬತ್ತೆರಡಲ್ಲ, ಈ ಯಂತ್ರ ಸರಿ ಇಲ್ಲ," ಎಂದ ಅವನು.

"ಪುಸ್ತಕದಾಗ ಬರೀಲೇನ್ರಿ?" ಎಂದಳು ಅವಳು. ಅವನು ಸುಮ್ಮನೆ ಹೋಗಿ ಚಾಲಕನ ಸೀಟಿನಲ್ಲಿ ಕೂತ.

ಸುಂದರಾಬಾಯಿ ನಲವತ್ತೆರಡು. ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕಾಲಡಿಗೆ ಇಪ್ಪತ್ತೈದು ಕಿಲೊ ಜೋಳದ ಚೀಲ, ಬೆನ್ನ ಹಿಂದಿನ ಸೀಟಿನಲ್ಲಿ ಇನ್ನೊಂದು. ಊರಿಂದ ಬಂದ ಬಿಳಿಜೋಳ. ಶೈಲಶ್ರೀ ಕೆಳಗೆ ಮಲಗಿ ಪಾನಾ ಹಚ್ಚಿದಳು.

"ಯಾರೂ ಅಲಗಾಡಬ್ಯಾಡ್ರಿ!"

ತಾಯಿ ಮಗ ಗೊಂಬೆಗಳಂತೆ ಮುಂದೆ ನೋಡುತ್ತ ಕೂತರು.

"ಮಹೇಶಾ," ಎಂದರು ಸುಂದರಾಬಾಯಿ ಮೆಲ್ಲಗೆ, "ಮಾರಾಕ ಇಟ್ಟ ಗಾಡಿಗೆ ನೀನ ತೂಕದ ಕಲ್ಲಾಗಿ ಕುಂತಿಯಲ್ಲೋ."

ಅವನು ನಗು ತಡೆಯಲು ನೋಡಿದ. ಆಗಲಿಲ್ಲ. ತೊಂಬತ್ತೆರಡು ಕಿಲೊ ನಕ್ಕಾಗ ಗಾಡಿ ಕುಣಿಯಿತು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ನಗಬ್ಯಾಡ್ರಿ ಅಂತೀನಿ!" ಎಂದು ಕೆಳಗಿನಿಂದ ಕೂಗಿದ ಶೈಲಶ್ರೀಗೂ ನಗು ಬಂದು ಪಾನಾ ಎರಡು ಸಲ ಜಾರಿತು. ಮೂರನೆಯ ಸಲ ಅಳತೆಯ ಪಾನಾ 'ಟಿಕ್' ಎಂದಿತು. ಇನ್ನೊಂದು ಕಡೆಯೂ 'ಟಿಕ್'.

ಸರಿಯಾಗಿ ಐದಕ್ಕೆ ಗೇಟಿನಲ್ಲಿ ಬೈಕು ನಿಂತಿತು. ಉಪೇಂದ್ರ ಇಳಿದು ಬಂದು ನೋಡುತ್ತಾನೆ: ಮಣೆಗಳ ಮೇಲೆ ಕಾರು, ಒಳಗೆ ಮಾಲೀಕ, ಅವನ ಮುದಿ ತಾಯಿ, ಜೋಳದ ಚೀಲ, ಮೂವರೂ ಎಲ್ಲಿಗೂ ಹೋಗುತ್ತಿಲ್ಲ, ಕೆಳಗಿನಿಂದ ಹೆಂಗಸಿನ ಎರಡು ಕಾಲು. "ನಮಸ್ಕಾರಂ ಸಾರ್," ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಮಣೆಗಳನ್ನು ತೆಗೆದದ್ದಾಯಿತು, ಜೋಳ ಒಳಗೆ ಹೋಯಿತು. ಶೈಲಶ್ರೀ ನೀಲಿ ಕೋಟಿನಲ್ಲೇ, ಗ್ರೀಸಿನ ಕೈಯಲ್ಲೇ ಸ್ಟಿಯರಿಂಗ್ ಹಿಡಿದಳು. ಹಿಂದೆ ಸುಂದರಾಬಾಯಿ ಮತ್ತು ಉಪೇಂದ್ರ. ಪಕ್ಕದಲ್ಲಿ ಸಾಕ್ಷಿಗೆಂದು ಮಹೇಶಕುಮಾರ. ಹನ್ನೆರಡು ವರ್ಷದಲ್ಲಿ ಅವನು ಹೆಂಡತಿ ಓಡಿಸುವ ಗಾಡಿಯಲ್ಲಿ ಕೂತದ್ದು ಅದೇ ಮೊದಲು. ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದ, ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದ.

ಮೊದಲ ಉಬ್ಬು. ಗಾಡಿ ಹತ್ತಿತು, ಇಳಿಯಿತು. ಏನಿಲ್ಲ.

ಎರಡನೆಯದು. ಏನಿಲ್ಲ. ಕಿರಾಣಿ ಅಂಗಡಿಯವನು ಗಾಡಿ ಕಂಡು, ಸಪ್ಪಳ ಕೇಳದೆ, ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ತಬ್ಬಿಬ್ಬಾಗಿ ನಿಂತ.

ಮೂರನೆಯದನ್ನು ಯಾರೋ ಪುಣ್ಯಾತ್ಮರು ಮನೆಯ ಮುಂದೆ ಸ್ವಂತಕ್ಕೆ ಕಟ್ಟಿಸಿದ್ದರು, ಮೊಣಕಾಲೆತ್ತರ. ಅದರ ಮೇಲೂ ಏನಿಲ್ಲ. ನಾಲ್ಕನೆಯದರ ಮೇಲೆ ಉಪೇಂದ್ರ ಕೆಮ್ಮಿದ, ಸುಂದರಾಬಾಯಿ ಅವನ ತೊಡೆಗೆ ಚಟ್ಟನೆ ಹೊಡೆದರು. ಐದನೆಯದು ಬಂತು. ಶೈಲಶ್ರೀಯ ಅಂಗೈ ಬೆವೆತು ಗ್ರೀಸು ಕರಗುತ್ತಿತ್ತು. ಗಾಡಿ ಹತ್ತಿತು. ನಿಧಾನವಾಗಿ ಇಳಿಯಿತು. ಎಲ್ಲರೂ ಹಿಂದೆ ತಿರುಗಿ ಮುದುಕಿಯನ್ನು ನೋಡಿದರು.

ಸುಂದರಾಬಾಯಿ ಕಿವಿಯ ಹಿಂದೆ ಕೈ ಇಟ್ಟುಕೊಂಡು ಇನ್ನೂ ಸ್ವಲ್ಪ ಕಾದರು. ಆಮೇಲೆ ಹೇಳಿದರು:

"ಮಹೇಶನ ಹೊಟ್ಟಿ ಗುರಗುಟ್ಟಿದ್ದು ಬಿಟ್ರ ಏನೂ ಕೇಳಲಿಲ್ಲ."

ಶೈಲಶ್ರೀ "ಹೋ!" ಎಂದು ಕೂಗಿದಳು. ಐವತ್ತೊಂಬತ್ತು ವರ್ಷದ ಹೆಂಗಸು ಹಾಗೆ ನಡುರಸ್ತೆಯಲ್ಲಿ ಕೂಗಬಾರದು, ಇನ್ನೊಮ್ಮೆ ಕೂಗಿದಳು. ಸ್ಟಿಯರಿಂಗಿಗೆ ಮುತ್ತು ಕೊಟ್ಟು ತುಟಿಗೆಲ್ಲ ಗ್ರೀಸು ಮಾಡಿಕೊಂಡಳು. ಉಪೇಂದ್ರ ಮುಂದಕ್ಕೆ ಬಗ್ಗಿ, "ಮೇಡಂ, ನನ್ನ ಹತ್ರ ಇಂಥವ ಆರು ಗಾಡಿ ಅದಾವ್ರಿ, ಎಲ್ಲಾ ಕಟಕಟ. ಯಾವಾಗ ತರ್ಲಿ?" ಎಂದು ಕೇಳಿದ.

ವಾಪಸು ಬರುವಾಗ ಮಹೇಶಕುಮಾರ ಹಿಡಿಕೆಯಿಂದ ಒಂದು ಕೈ ಬಿಟ್ಟಿದ್ದ. ಮೂರನೆಯ ಉಬ್ಬು ದಾಟಿದ ಮೇಲೆ ಇನ್ನೊಂದನ್ನೂ ಬಿಟ್ಟ. ಹೆಂಡತಿ ಗೇರ್ ಬದಲಿಸುವುದನ್ನು ನೋಡಿದ. ಎದುರು ಬಂದ ಆಟೋದವನಿಗೆ ದಾರಿ ಕೊಟ್ಟು, ಎಮ್ಮೆಯೊಂದನ್ನು ಬಳಸಿ, ಒಂದು ಕೈಯಿಂದ ತಿರುವು ತೆಗೆದುಕೊಂಡದ್ದನ್ನು ನೋಡಿದ.

"ಚೊಲೋ ಓಡಸ್ತಿ," ಎಂದ.

ಅವಳು ಗ್ರೀಸಿನ ಬೆರಳಿನಿಂದ ಕನ್ನಡಿ ಸರಿಮಾಡಿಕೊಂಡಳು.

"ನಾಳಿ ಮುಂಜಾನಿ ನನ್ನ ಕೋಠಿ ಮಟ ಬಿಟ್ಟು ಬರ್ತಿಯೇನು? ನನ್ನ ಗಾಡಿ ಮನ್ಯಾಗ ಇರ್ಲಿ," ಎಂದ ಅವನು, ಕಿಟಕಿಯ ಹೊರಗೆ ನೋಡುತ್ತ.

"ನಾಳಿ ಸೋಮಾರ ಐತ್ರಿ. ನಾನು ಖಾಲಿ ಇಲ್ಲ."

"ಮಂಗಳಾರ?"

"ನೋಡೋಣು," ಎಂದಳು ಶೈಲಶ್ರೀ. ಹಿಂದಿನ ಸೀಟಿನಲ್ಲಿ ಸುಂದರಾಬಾಯಿ ಸೆರಗು ಬಾಯಿಗೆ ಹಿಡಿದು ಅಲ್ಲಾಡುತ್ತಿದ್ದರು.

ಗಾಡಿ ಮನೆಯ ಗೇಟಿನ ಹತ್ತಿರ ಬಂತು. ಅದು ಬಂದದ್ದು ಯಾರಿಗೂ ಕೇಳದೆ, ಎದುರು ಮನೆಯವರ ಸ್ಕೂಟರ್ ದಾರಿಗೆ ಅಡ್ಡವೇ ನಿಂತಿತ್ತು. ಅವಳು ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಾರ್ನ್ ಹಾಕಿದಳು.